ಕಷ್ಟದಲ್ಲಿರುವ ಗಿಡದ ಎಥಿಲೀನ್: ತಡೆಯಬೇಕೆ, ಬಿಡಬೇಕೆ?

ಪ್ರಶ್ನೆ: ಜೋರು ಮಳೆಯ ನಂತರ ಟೊಮೇಟೊ ಹೊಲದ ತಗ್ಗಿನ ಭಾಗದಲ್ಲಿ ಎರಡು ಮೂರು ದಿನ ನೀರು ನಿಂತಿತ್ತು. ಮಣ್ಣಿನಲ್ಲಿ ಬೇಕಾದಷ್ಟು ತೇವ ಇದ್ದರೂ ಎಲೆಗಳು ಕೆಳಕ್ಕೆ ಬಾಗಿದವು. ಆಮೇಲೆ ಬುಡದ ಎಲೆಗಳು ಹಳದಿಯಾದವು, ಹೂವೂ ಉದುರಿತು. ಇದಕ್ಕೆ ‘ಒತ್ತಡದ ಎಥಿಲೀನ್’ ಕಾರಣ ಎಂದು ಓದಿದೆ. ಹಣ್ಣು ಮಾಗಿಸುವ ಎಥಿಲೀನೇ ಇದು? ಇದನ್ನು ತಡೆದರೆ ಇಳುವರಿ ಹೆಚ್ಚುತ್ತದೆಯೇ? ಎಸಿಸಿ ಡಿಅಮಿನೇಸ್ ಎಂಬ ಕಿಣ್ವ ಇರುವ ಬ್ಯಾಕ್ಟೀರಿಯಾ ಗೊಬ್ಬರದಿಂದ ಪ್ರಯೋಜನವಿದೆಯೇ?

ಉತ್ತರ: ಹೌದು, ಎರಡೂ ಒಂದೇ ಅನಿಲ. ಎರಡು ಇಂಗಾಲ, ನಾಲ್ಕು ಜಲಜನಕ ಪರಮಾಣುಗಳು ಸೇರಿದ ಪುಟ್ಟ ಅಣು. ಹಣ್ಣು ಮಾಗುವಾಗ ಹೊಮ್ಮುವುದೂ ಅದೇ. ಬರ, ನೆರೆ, ಉಪ್ಪು, ಶಾಖ, ಗಾಯ, ರೋಗ ಇವುಗಳಲ್ಲಿ ಯಾವುದಕ್ಕೆ ಸಿಕ್ಕಿದರೂ ಗಿಡ ಮಾಮೂಲಿಗಿಂತ ಹೆಚ್ಚಾಗಿ ಹೊರಬಿಡುವುದೂ ಅದೇ. ಈ ಹೆಚ್ಚುವರಿಯನ್ನು ಒತ್ತಡದ ಎಥಿಲೀನ್ ಎನ್ನುತ್ತೇವೆ. ಅದನ್ನು ಪೂರ್ತಿ ತಡೆದರೆ ಗಿಡಕ್ಕೇ ಅಪಾಯ. ಮಿತಿಮೀರಿದ್ದನ್ನು ಮಾತ್ರ, ಅದೂ ಸರಿಯಾದ ಹೊತ್ತಿನಲ್ಲಿ ತಗ್ಗಿಸಿದರೆ, ಆಗಬೇಕಿದ್ದ ನಷ್ಟ ಕಡಿಮೆಯಾಗುತ್ತದೆ. ಯಾವ ಕಷ್ಟವೂ ಇಲ್ಲದ ಬೆಳೆಯಲ್ಲಿ ಎಥಿಲೀನ್ ತಗ್ಗಿಸಿ ಇಳುವರಿ ಏರಿಸುತ್ತೇವೆ ಎಂಬ ಮಾತನ್ನು ನಾನು ನಂಬುವುದಿಲ್ಲ.

ಮೊದಲು ನಿಮ್ಮ ಟೊಮೇಟೊ ವಿಷಯ. ನೀರು ನಿಂತಾಗ ಗಿಡದಲ್ಲಿ ಏನಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಚೆನ್ನಾಗಿ ಬಿಡಿಸಿ ನೋಡಿರುವುದು ಇದೇ ಬೆಳೆಯಲ್ಲಿ. ಗಿಡ ಎಥಿಲೀನನ್ನು ಮೆಥಿಯೊನೀನ್ ಎಂಬ ಅಮೈನೊ ಆಮ್ಲದಿಂದ ತಯಾರಿಸುತ್ತದೆ. ಮೆಥಿಯೊನೀನ್ ಒಂದೆರಡು ಹಂತ ದಾಟಿ ಎಸಿಸಿ ಎಂಬ ವಸ್ತುವಾಗುತ್ತದೆ, ಎಸಿಸಿಯಿಂದ ಎಥಿಲೀನ್ ಹುಟ್ಟುತ್ತದೆ. ನಡುವಿನ ಕೊಂಡಿ ಎಸಿಸಿಯೇ ಎಂದು 1979ರಲ್ಲಿ ಆಡಮ್ಸ್ ಮತ್ತು ಶಾಂಗ್ ಫಾ ಯಾಂಗ್ ತೋರಿಸಿದರು. ಎಸಿಸಿ ಎಥಿಲೀನ್ ಆಗುವ ಕೊನೆಯ ಹಂತಕ್ಕೆ ಆಮ್ಲಜನಕ ಬೇಕೇ ಬೇಕು. ನಿಮ್ಮ ಹೊಲದಲ್ಲಿ ನಡೆದದ್ದಕ್ಕೆಲ್ಲ ಮೂಲ ಇದು.

ಮಣ್ಣಿನ ಸಂದುಗಳಲ್ಲಿ ಗಾಳಿಯ ಜಾಗಕ್ಕೆ ನೀರು ಬಂದು ಕೂತರೆ ಆಮ್ಲಜನಕ ಒಳಗೆ ಇಳಿಯುವುದು ಹೆಚ್ಚು ಕಡಿಮೆ ನಿಂತೇಹೋಗುತ್ತದೆ. ಅನಿಲಗಳು ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನ. ಇದ್ದ ಚೂರುಪಾರು ಆಮ್ಲಜನಕವನ್ನು ಬೇರು ಮತ್ತು ಮಣ್ಣಿನ ಜೀವಿಗಳು ಬೇಗನೆ ಮುಗಿಸುತ್ತವೆ. ಉಸಿರುಗಟ್ಟಿದ ಬೇರು ಎಸಿಸಿಯನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ, ಆದರೆ ಅದನ್ನು ಎಥಿಲೀನ್ ಆಗಿಸಲು ಅಲ್ಲಿ ಆಮ್ಲಜನಕವಿಲ್ಲ. ಹಾಗಾಗಿ ಎಸಿಸಿ ನೀರಿನ ಜೊತೆ ಕಾಂಡದ ನಾಳಗಳಲ್ಲಿ ಮೇಲೇರುತ್ತದೆ. ಎಲೆಯಲ್ಲಿ ಆಮ್ಲಜನಕಕ್ಕೆ ಕೊರತೆಯಿಲ್ಲ. ಬೇರಿನಿಂದ ಬಂದ ಎಸಿಸಿ ಅಲ್ಲಿ ಎಥಿಲೀನ್ ಆಗಿ ಬಿಡುಗಡೆಯಾಗುತ್ತದೆ. ಬ್ರಾಡ್‌ಫರ್ಡ್ ಮತ್ತು ಯಾಂಗ್ 1980ರಲ್ಲಿ ನೀರು ನಿಂತ ಟೊಮೇಟೊ ಗಿಡದ ನಾಳರಸದಲ್ಲೇ ಎಸಿಸಿಯನ್ನು ಅಳೆದು ಈ ಪ್ರಯಾಣವನ್ನು ತೋರಿಸಿಕೊಟ್ಟರು. ಪೆಟ್ಟು ಬಿದ್ದದ್ದು ಬೇರಿಗೆ, ಲಕ್ಷಣ ಕಾಣುವುದು ಎಲೆಯಲ್ಲಿ.

ಎಲೆ ಬಾಗುವುದೂ ಬಾಡುವುದೂ ಬೇರೆ ಬೇರೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಅನೇಕರು ಇಲ್ಲಿ ಎಡವುತ್ತಾರೆ. ಎಥಿಲೀನ್‌ನಿಂದ ಬಾಗಿದ ಎಲೆ ಬತ್ತಿರುವುದಿಲ್ಲ. ತೊಟ್ಟಿನ ಮೇಲ್ಭಾಗದ ಜೀವಕೋಶಗಳು ಕೆಳಭಾಗದವಕ್ಕಿಂತ ವೇಗವಾಗಿ ಉದ್ದವಾಗುವುದರಿಂದ ತೊಟ್ಟು ಕೆಳಮುಖವಾಗಿ ತಿರುಗುತ್ತದೆ. ಮುಟ್ಟಿ ನೋಡಿದರೆ ಎಲೆ ಬಿಗಿಯಾಗಿರುತ್ತದೆ, ತೊಟ್ಟು ಗಟ್ಟಿಯಾಗಿರುತ್ತದೆ. ನೀರಿಲ್ಲದೆ ಬಾಡಿದ ಎಲೆ ಬಟ್ಟೆಯಂತೆ ಮೆತ್ತಗೆ ಜೋತುಬಿದ್ದಿರುತ್ತದೆ. ದೂರದಿಂದ ಎರಡೂ ಒಂದೇ ರೀತಿ ಕಾಣುವುದರಿಂದ, ಬಾಗಿದ ಗಿಡಕ್ಕೆ ನೀರು ಬೇಕಿರಬಹುದೆಂದು ಇನ್ನಷ್ಟು ನೀರು ಹಾಯಿಸುವವರಿದ್ದಾರೆ. ಉಸಿರುಗಟ್ಟಿದ ಬೇರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ. ನೀರು ಹಲವು ದಿನ ನಿಂತು ಬೇರು ಕೊಳೆತರೆ ನಿಜವಾದ ಬಾಡುವಿಕೆಯೂ ಸೇರಿಕೊಳ್ಳುತ್ತದೆ. ಆಗಲೂ ನೀರು ಹಾಯಿಸುವುದು ಪರಿಹಾರವಲ್ಲ.

ಈ ಅನಿಲ ಗಿಡಗಳ ಮೇಲೆ ಪರಿಣಾಮ ಬೀರುತ್ತದೆ ಎಂಬುದು ಮೊದಲು ಗೊತ್ತಾದದ್ದೂ ಹಾನಿಯ ರೂಪದಲ್ಲೇ. ಬೀದಿ ದೀಪಗಳು ಕಲ್ಲಿದ್ದಲಿನ ಅನಿಲದಿಂದ ಉರಿಯುತ್ತಿದ್ದ 19ನೇ ಶತಮಾನದಲ್ಲಿ, ಕೊಳವೆ ಸೋರಿದ ಕಡೆ ಸಾಲುಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವು. ರಷ್ಯಾದ ದಿಮಿತ್ರಿ ನೆಲ್ಯುಬೊವ್ 1901ರಲ್ಲಿ ಬಟಾಣಿ ಮೊಳಕೆಗಳ ಮೇಲೆ ಪ್ರಯೋಗ ಮಾಡಿ, ಆ ಅನಿಲದಲ್ಲಿ ಗಿಡಗಳನ್ನು ಬಾಧಿಸುವ ಅಂಶ ಎಥಿಲೀನ್ ಎಂದು ತೋರಿಸಿದರು. ಗಿಡಗಳು ಸ್ವತಃ ಅದನ್ನು ತಯಾರಿಸುತ್ತವೆ ಎಂದು ಗೇನ್ ಎಂಬ ವಿಜ್ಞಾನಿ 1934ರಲ್ಲಿ ಸೇಬಿನ ಮೂಲಕ ಸಾಬೀತುಪಡಿಸಿದರು. ಹೊರಗಿನಿಂದ ಬಂದ ಕೇಡು ಎಂದುಕೊಂಡದ್ದು ಗಿಡದ ಒಳಗಿನದೇ ಸಂಕೇತವಾಗಿತ್ತು.

ಸಂಕೇತ ಎಂದ ಮೇಲೆ ಅದಕ್ಕೆ ಉದ್ದೇಶವಿರಬೇಕಲ್ಲ. ಒತ್ತಡಕ್ಕೆ ಸಿಕ್ಕಿದ ಗಿಡದಲ್ಲಿ ಎಥಿಲೀನ್ ಸಾಮಾನ್ಯವಾಗಿ ಎರಡು ಅಲೆಗಳಲ್ಲಿ ಏರುತ್ತದೆ ಎಂದು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಬರ್ನಾರ್ಡ್ ಗ್ಲಿಕ್ ಮತ್ತು ಸಂಗಡಿಗರು ವಿವರಿಸಿದ್ದಾರೆ. ಮೊದಲನೆಯದು ಚಿಕ್ಕದು. ಅಂಗಾಂಶದಲ್ಲಿ ಆಗಲೇ ಇದ್ದ ಎಸಿಸಿಯನ್ನು ಬಳಸಿಕೊಂಡು ಬೇಗ ಏಳುತ್ತದೆ, ರಕ್ಷಣೆಯ ಜೀನುಗಳನ್ನು ಎಬ್ಬಿಸುತ್ತದೆ. ಒತ್ತಡ ಮುಂದುವರಿದರೆ ಹೊಸದಾಗಿ ಎಸಿಸಿ ತಯಾರಾಗಿ, ಕೆಲವು ದಿನಗಳಲ್ಲಿ ಎರಡನೆಯ, ಬಹಳ ದೊಡ್ಡ ಅಲೆ ಬರುತ್ತದೆ. ಎಲೆ ಹಳದಿಯಾಗುವುದು, ಮುಪ್ಪಾಗುವುದು, ಹೂ ಹೀಚು ಉದುರುವುದು, ಬೇರಿನ ಬೆಳವಣಿಗೆ ನಿಲ್ಲುವುದು ಇವೆಲ್ಲ ಹೆಚ್ಚಾಗಿ ಈ ಎರಡನೆಯ ಅಲೆಯ ಕೆಲಸ.

ಕಾಡಿನ ಗಿಡಕ್ಕೆ ಎರಡನೆಯ ಅಲೆಯೂ ತಪ್ಪಲ್ಲ. ಹತ್ತಾರು ಹೂ ಕಳೆದುಕೊಂಡು ನಾಲ್ಕು ಬೀಜ ಉಳಿಸಿಕೊಂಡರೂ ಅದರ ವಂಶ ಮುಂದುವರಿಯುತ್ತದೆ. ಬೆಳೆಗಾರರಿಗೆ ಬೇಕಾದದ್ದು ಆ ನಾಲ್ಕು ಬೀಜವಲ್ಲ, ಉದುರಿಹೋದ ಹತ್ತಾರು ಹೂಗಳು. ಗಿಡದ ಹಿತ ಮತ್ತು ಬೆಳೆಯ ಹಿತ ಇಲ್ಲಿ ಬೇರೆಯಾಗುತ್ತವೆ. ಎಥಿಲೀನನ್ನು ಬರೀ ಶತ್ರುವಾಗಿ ಚಿತ್ರಿಸುವ ಬರಹಗಳು ಇದನ್ನು ಹೇಳದೆ ಬಿಡುವುದು ನನಗೆ ಬೇಸರದ ಸಂಗತಿ.

ಭತ್ತವನ್ನು ನೋಡಿ. ನೀರಿನಡಿ ಮುಳುಗಿದ ಭತ್ತದ ಗಿಡದೊಳಗೆ ಎಥಿಲೀನ್ ಹೊರಹೋಗಲಾಗದೆ ಶೇಖರವಾಗುತ್ತದೆ; ‘ನಾನು ಮುಳುಗಿದ್ದೇನೆ’ ಎಂದು ಗಿಡಕ್ಕೆ ತಿಳಿಯುವುದೇ ಇದರಿಂದ. ಆಳ ನೀರಿನ ತಳಿಗಳಲ್ಲಿ ಸ್ನಾರ್ಕೆಲ್ ಎಂಬ ಜೀನುಗಳು ಈ ಸಂಕೇತವನ್ನು ಹಿಡಿದು ಕಾಂಡವನ್ನು ಸರಸರನೆ ಉದ್ದ ಬೆಳೆಸುತ್ತವೆ. ಗಿಡ ನೀರಿನ ಮೇಲೆ ತಲೆ ಎತ್ತುತ್ತದೆ. ಸಬ್-1ಎ ಎಂಬ ಇನ್ನೊಂದು ಜೀನು ಅದೇ ಸಂಕೇತಕ್ಕೆ ತದ್ವಿರುದ್ಧ ಉತ್ತರ ಕೊಡುತ್ತದೆ: ಬೆಳೆಯಬೇಡ, ಸಕ್ಕರೆ ಉಳಿಸಿಕೋ, ನೀರು ಇಳಿಯುವವರೆಗೆ ಕಾಯಿ. 2006ರಲ್ಲಿ ಗುರುತಿಸಲಾದ ಈ ಜೀನನ್ನು ಸೇರಿಸಿದ ಸ್ವರ್ಣ-ಸಬ್1 ಮುಂತಾದ ತಳಿಗಳು ಎರಡು ವಾರದವರೆಗೆ ಮುಳುಗಿದ್ದರೂ ಚೇತರಿಸಿಕೊಳ್ಳಬಲ್ಲವು. ಎರಡೂ ಕಡೆ ಎಥಿಲೀನನ್ನು ಅಳಿಸಿದರೆ ಗಿಡಕ್ಕೆ ನೆರೆಯ ಸುದ್ದಿಯೇ ಮುಟ್ಟುವುದಿಲ್ಲ. ನೀರು ನಿಂತ ಮೆಕ್ಕೆಜೋಳ, ಭತ್ತಗಳ ಬೇರಿನೊಳಗೆ ಗಾಳಿ ಓಡಾಡುವ ಟೊಳ್ಳು ದಾರಿಗಳು ಮೂಡುವುದಕ್ಕೂ, ಟೊಮೇಟೊ ಕಾಂಡದ ಬುಡದಲ್ಲಿ ಹೊಸ ಬೇರು ಒಡೆಯುವುದಕ್ಕೂ ಇದೇ ಅನಿಲ ನೆರವಾಗುತ್ತದೆ. ನಿಮ್ಮ ಗಿಡಗಳ ಬುಡದಲ್ಲಿ ಸಣ್ಣ ಬಿಳಿ ಗುಬುಟುಗಳು ಕಂಡರೆ ಕೆರೆದು ಹಾಕಬೇಡಿ, ಅವೇ ಹೊಸ ಬೇರಿನ ಮೊಳಕೆಗಳು.

ಇಳುವರಿ ಎಲ್ಲಿ ಸೋರುತ್ತದೆ ಎಂಬುದಕ್ಕೆ ಬರೋಣ. ಹೂವಿನ ತೊಟ್ಟಿನಲ್ಲಿ ಕಳಚಿಕೊಳ್ಳಲೆಂದೇ ಇರುವ ತೆಳು ಪದರವೊಂದಿದೆ. ಹೂವಿನಿಂದ ಆಕ್ಸಿನ್ ಎಂಬ ಇನ್ನೊಂದು ಹಾರ್ಮೋನು ಹರಿದುಬರುತ್ತಿರುವಷ್ಟು ಕಾಲ ಆ ಪದರ ಎಥಿಲೀನ್‌ಗೆ ಕಿವಿಗೊಡುವುದಿಲ್ಲ. ಒತ್ತಡದಲ್ಲಿ ಆಕ್ಸಿನ್ ಹರಿವು ಕುಗ್ಗುತ್ತದೆ, ಎಥಿಲೀನ್ ಏರುತ್ತದೆ, ಜೀವಕೋಶಗಳ ಗೋಡೆ ಕರಗಿಸುವ ಕಿಣ್ವಗಳು ಹುಟ್ಟುತ್ತವೆ, ಹೂ ಕಳಚಿ ಬೀಳುತ್ತದೆ. ಹತ್ತಿಯ ಎಳೆ ಕಾಯಿ ಉದುರುವುದರಲ್ಲೂ ಇದರ ಕೈಯಿದೆ.

ಧಾನ್ಯಗಳಲ್ಲಿ ನಷ್ಟ ಕಣ್ಣಿಗೆ ಕಾಣದಂತೆ ಆಗುತ್ತದೆ. ಕಾಳು ಕಟ್ಟುವ ಹೊತ್ತಿಗೆ ಅತಿ ಶಾಖ ತಗುಲಿದರೆ, ಶಾಖ ತಾಳದ ಗೋಧಿ ತಳಿಗಳ ಎಳೆಗಾಳಿನಲ್ಲಿ ಎಥಿಲೀನ್ ಏರಿ ಕೆಲವು ಕಾಳುಗಳು ಅಲ್ಲೇ ಸಾಯುತ್ತವೆ, ಉಳಿದವು ಹಗುರಾಗುತ್ತವೆ. ಎಥಿಲೀನನ್ನು ಗುರುತಿಸುವ ಪ್ರೋಟೀನುಗಳನ್ನು, ಅಂದರೆ ಗ್ರಾಹಕಗಳನ್ನು, ಮುಚ್ಚುವ ವಸ್ತು ಕೊಟ್ಟಾಗ ಈ ನಷ್ಟ ತಗ್ಗಿದ್ದು ಕಂಡುಬಂದಿದೆ. ಮೆಕ್ಕೆಜೋಳದಲ್ಲಿ ಆರ್ಗೋಸ್-8 ಎಂಬ ಜೀನು ಎಥಿಲೀನ್ ಸಂಕೇತವನ್ನು ಮೆದುವಾಗಿಸುತ್ತದೆ. 2017ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ ಕ್ರಿಸ್ಪರ್ ಎಂಬ ಜೀನು ತಿದ್ದುವ ತಂತ್ರದಿಂದ ಆ ಜೀನು ಹೆಚ್ಚು ಕೆಲಸ ಮಾಡುವಂತೆ ತಿದ್ದಿದಾಗ, ಹೂ ಬಿಡುವ ಹೊತ್ತಿನಲ್ಲಿ ಬರ ಎದುರಿಸಿದ ಹೊಲಗಳಲ್ಲಿ ಎಕರೆಗೆ 5 ಬುಷೆಲ್, ಅಂದರೆ ಸುಮಾರು 127 ಕಿಲೋ ಹೆಚ್ಚು ಇಳುವರಿ ಬಂತು. ನೀರು ಚೆನ್ನಾಗಿ ಸಿಕ್ಕ ಹೊಲಗಳಲ್ಲಿ ನಷ್ಟವೂ ಆಗಲಿಲ್ಲ, ಹೇಳಿಕೊಳ್ಳುವಂಥ ಲಾಭವೂ ಆಗಲಿಲ್ಲ. ಸಂಕೇತವನ್ನು ಅಲ್ಲಿ ಕತ್ತರಿಸಿಲ್ಲ, ಕೊಂಚ ತಗ್ಗಿಸಿದ್ದಾರೆ ಅಷ್ಟೇ. ಈ ವಿಷಯದಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ ಫಲಿತಾಂಶಗಳಲ್ಲಿ ಇದೊಂದು.

ಗಟ್ಟಿ ಮಣ್ಣಿನ ಬಗ್ಗೆ ನೀವು ಕೇಳಿಲ್ಲ, ಆದರೆ ನೀರು ನಿಲ್ಲುವ ತಗ್ಗಿನ ನೆಲ ಬಹುಮಟ್ಟಿಗೆ ಗಟ್ಟಿಯೂ ಆಗಿರುತ್ತದೆ, ಆದ್ದರಿಂದ ಹೇಳಲೇಬೇಕು. ಯಂತ್ರಗಳ ಭಾರಕ್ಕೆ ಒತ್ತಿಹೋದ ಮಣ್ಣಿನಲ್ಲಿ ಬೇರು ನಿಲ್ಲುವುದು ನೂಕಲು ಬಲ ಸಾಲದೆ ಎಂದೇ ಬಹುಕಾಲ ತಿಳಿದಿದ್ದೆವು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಬಿಪಿನ್ ಪಾಂಡೆ, ಮಾಲ್ಕಮ್ ಬೆನೆಟ್ ಮತ್ತು ಸಂಗಡಿಗರು 2021ರಲ್ಲಿ ಬೇರೆಯೇ ಉತ್ತರ ಕೊಟ್ಟರು. ಬೇರಿನ ತುದಿ ಸದಾ ಅಲ್ಪಸ್ವಲ್ಪ ಎಥಿಲೀನ್ ಬಿಡುತ್ತಿರುತ್ತದೆ. ಹುಡಿ ಮಣ್ಣಿನಲ್ಲಿ ಅದು ಸಂದುಗಳ ಮೂಲಕ ಚೆದುರಿಹೋಗುತ್ತದೆ. ಗಟ್ಟಿ ಮಣ್ಣಿನಲ್ಲಿ ಹೋಗಲು ದಾರಿಯಿಲ್ಲದೆ ಬೇರಿನ ಸುತ್ತಲೇ ನಿಂತು, ‘ಮುಂದೆ ಬೆಳೆಯಬೇಡ’ ಎಂಬ ಸಂದೇಶವಾಗುತ್ತದೆ. ಎಥಿಲೀನ್‌ಗೆ ಸ್ಪಂದಿಸದ ಭತ್ತದ ರೂಪಾಂತರಿ ಗಿಡಗಳ ಬೇರು ಅದೇ ಗಟ್ಟಿ ಮಣ್ಣನ್ನು ಹೆಚ್ಚು ಆಳಕ್ಕೆ ಹೊಕ್ಕಿತು. ಎಂದರೆ ಬಲವಿತ್ತು, ನಿಲ್ಲಿಸಿದ್ದು ಸಂಕೇತ. ಮಣ್ಣಿಗೆ ಸಾವಯವ ಗೊಬ್ಬರ ಸೇರಿಸಿ ಸಂದುಗಳನ್ನು ಉಳಿಸಿಕೊಳ್ಳುವುದು, ಒದ್ದೆ ನೆಲಕ್ಕೆ ಟ್ರ್ಯಾಕ್ಟರ್ ಇಳಿಸದಿರುವುದು ಎಥಿಲೀನ್ ನಿರ್ವಹಣೆಯೂ ಹೌದು. ಬೇರಿನ ಸುತ್ತ ಅನಿಲ ಓಡಾಡಲು ಜಾಗವಿದ್ದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ಪೂರ್ತಿ ತಡೆಯುವುದರ ಅಪಾಯಕ್ಕೆ ತಂಬಾಕಿನ ಪ್ರಯೋಗವೊಂದು ಒಳ್ಳೆಯ ಸಾಕ್ಷಿ. ಎಥಿಲೀನ್ ಗ್ರಹಿಸದಂತೆ ಜೀನು ಬದಲಿಸಿದ ತಂಬಾಕು ಗಿಡಗಳನ್ನು ಕಾಯಿಸಿ ಶುದ್ಧಗೊಳಿಸದ ಮಾಮೂಲಿ ಮಣ್ಣಿಗೆ ನೆಟ್ಟಾಗ, ಸಾಮಾನ್ಯ ತಂಬಾಕಿಗೆ ಏನೂ ಮಾಡದ ಪಿಥಿಯಂ ಎಂಬ ಶಿಲೀಂಧ್ರದಂಥ ರೋಗಾಣು ಅವನ್ನು ಬಲಿ ತೆಗೆದುಕೊಂಡಿತು. 1998ರಲ್ಲಿ ಇದು ವರದಿಯಾಯಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಕೆಲಸದಲ್ಲಿ, ಎಥಿಲೀನ್‌ಗೆ ಸ್ಪಂದಿಸದ ಟೊಮೇಟೊ ರೂಪಾಂತರಿಗೆ ಕ್ಸಾಂಥೊಮೊನಾಸ್ ಬ್ಯಾಕ್ಟೀರಿಯಾ ತಗುಲಿಸಿದಾಗ ಎಲೆಯ ಹಾನಿ ಕಡಿಮೆಯಾಯಿತು, ಬ್ಯಾಕ್ಟೀರಿಯಾ ಸಂಖ್ಯೆ ಮಾತ್ರ ಅಷ್ಟೇ ಇತ್ತು. ಎಲೆಯನ್ನು ಕೆಡಿಸಿದ್ದರಲ್ಲಿ ಗಿಡದ ಸ್ವಂತ ಪ್ರತಿಕ್ರಿಯೆಯ ಪಾಲು ದೊಡ್ಡದು ಎಂದಾಯಿತು. ಸತ್ತ ಅಂಗಾಂಶ ತಿಂದು ಬದುಕುವ ರೋಗಾಣುಗಳ ವಿರುದ್ಧ ಎಥಿಲೀನ್ ಜಾಸ್ಮೊನಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನಿನೊಡನೆ ಸೇರಿ ಕಾವಲು ನಿಲ್ಲುತ್ತದೆ. ಬೇರೆ ಕೆಲವು ರೋಗಗಳಲ್ಲಿ ಲಕ್ಷಣಗಳನ್ನೇ ಉಲ್ಬಣಗೊಳಿಸುತ್ತದೆ. ನೀರು ನಿಂತು ಒಣಗಿದ ಹೊಲದಲ್ಲಿ ಪಿಥಿಯಂನಂಥವು ಕಾದು ಕೂತಿರುತ್ತವೆ. ಆ ಹೊತ್ತಿನಲ್ಲಿ ಗಿಡವನ್ನು ಎಥಿಲೀನ್‌ಗೆ ಕಿವುಡಾಗಿಸುವುದು ಜಾಣತನವಲ್ಲ.

ಕಿವುಡಾಗಿಸುವ ರಾಸಾಯನಿಕಗಳಿವೆ. ಬೆಳ್ಳಿಯ ಲವಣಗಳು ಗ್ರಾಹಕವನ್ನು ಕೆಡಿಸುತ್ತವೆ. ಅವು ಕತ್ತರಿಸಿದ ಹೂಗಳಿಗೆ ಸರಿ, ತಿನ್ನುವ ಬೆಳೆಗಲ್ಲ. 1-ಎಂಸಿಪಿ ಗ್ರಾಹಕವನ್ನು ಮುಚ್ಚುತ್ತದೆ, ಆದರೆ ಗಿಡ ಹೊಸ ಗ್ರಾಹಕ ತಯಾರಿಸಿದಂತೆ ಪರಿಣಾಮ ಕರಗುತ್ತದೆ. ಅದರ ನಿಜವಾದ ಉಪಯೋಗ ಕೊಯ್ಲಾದ ಹಣ್ಣಿನ ದಾಸ್ತಾನಿನಲ್ಲಿ. ಎವಿಜಿ ಎಂಬುದು ಎಸಿಸಿ ತಯಾರಾಗದಂತೆ ನೋಡಿಕೊಳ್ಳುತ್ತದೆ. ನಿಮ್ಮ ಟೊಮೇಟೊಗೆ ಇವು ಯಾವುವನ್ನೂ ನಾನು ಸೂಚಿಸುವುದಿಲ್ಲ. ಎಥಿಫಾನ್ ಮಾತ್ರ ಇದಕ್ಕೆ ವಿರುದ್ಧ: ಗಿಡದೊಳಗೆ ಒಡೆದು ಎಥಿಲೀನ್ ಬಿಡುತ್ತದೆ. ಹಣ್ಣು ಒಟ್ಟಿಗೆ ಕೆಂಪಾಗಲೆಂದು ಅದನ್ನು ಸಿಂಪಡಿಸುವ ರೂಢಿ ನಿಮ್ಮಲ್ಲಿದ್ದರೆ, ಕಷ್ಟದಿಂದ ಎದ್ದ ಬೆಳೆಗೆ ಈ ಸಲ ಬೇಡ.

ಬ್ಯಾಕ್ಟೀರಿಯಾ ಗೊಬ್ಬರದ ವಿಷಯ ಇದಕ್ಕಿಂತ ಹೆಚ್ಚು ಸ್ವಾರಸ್ಯಕರ. ಎಸಿಸಿಯನ್ನು ಒಡೆಯುವ ಡಿಅಮಿನೇಸ್ ಕಿಣ್ವವನ್ನು ಮಣ್ಣಿನ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಒಂದರಲ್ಲಿ ಜಪಾನಿನ ಹೊನ್ಮಾ ಮತ್ತು ಶಿಮೊಮುರಾ 1978ರಲ್ಲಿ ವರದಿ ಮಾಡಿದರು. ಅದು ಎಸಿಸಿಯನ್ನು ಅಮೋನಿಯಾ ಮತ್ತು ಕೀಟೊಬ್ಯುಟಿರೇಟ್ ಆಗಿ ಒಡೆಯುತ್ತದೆ. ಬ್ಯಾಕ್ಟೀರಿಯಾಕ್ಕೆ ಅದರಿಂದ ಸಾರಜನಕ ಸಿಗುತ್ತದೆ. ಬೇರಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಾ ಹೊರಗೆ ಜಿನುಗಿದ ಎಸಿಸಿಯನ್ನು ಹೀರಿದಷ್ಟೂ ಬೇರಿನೊಳಗಿನ ಎಸಿಸಿ ಹೊರಕ್ಕೆ ಹರಿಯುತ್ತದೆ, ಎಥಿಲೀನ್ ಆಗಲು ಉಳಿಯುವುದು ಕಡಿಮೆಯಾಗುತ್ತದೆ. ಗ್ಲಿಕ್ ಮತ್ತು ಸಂಗಡಿಗರು 1998ರಲ್ಲಿ ಮಂಡಿಸಿದ ವಿವರಣೆ ಇದು. ಅವರ ಪ್ರಯೋಗಾಲಯದಲ್ಲೇ ಇಂಥ ಬ್ಯಾಕ್ಟೀರಿಯಾ ಲೇಪಿಸಿದ ಟೊಮೇಟೊ ಗಿಡಗಳು ನೀರು ನಿಂತ ಕುಂಡಗಳಲ್ಲಿ ಕಡಿಮೆ ಹಾನಿ ಅನುಭವಿಸಿದ್ದು 2001ರಲ್ಲಿ ಪ್ರಕಟವಾಯಿತು. ಉಪ್ಪು ಮತ್ತು ಬರದಲ್ಲೂ ಟೊಮೇಟೊ, ಮೆಣಸಿನ ಗಿಡಗಳಿಗೆ ನೆರವಾದ ದಾಖಲೆಗಳಿವೆ. ದ್ವಿದಳ ಬೆಳೆಗಳಲ್ಲಿ ಬೇರಿನ ಗಂಟುಗಳ ಸಂಖ್ಯೆಯನ್ನು ಎಥಿಲೀನ್ ಕಡಿವಾಣ ಹಾಕಿ ಹಿಡಿದಿಡುವುದರಿಂದ, ಈ ಕಿಣ್ವ ಇರುವ, ಗಂಟು ಕಟ್ಟುವ ರೈಜೋಬಿಯಂ ಬ್ಯಾಕ್ಟೀರಿಯಾಗಳಿಗೆ ಗಂಟು ಕಟ್ಟುವುದು ಸುಲಭ.

ಹಾಗಿದ್ದರೂ ಕೊಂಡು ತರುವ ಮುನ್ನ ಒಂದು ಸಂಗತಿ ತಿಳಿದಿರಲಿ. ಎಸಿಸಿಯನ್ನು ಎಥಿಲೀನ್ ಆಗಿಸುವ ಗಿಡದ ಎಸಿಸಿ ಆಕ್ಸಿಡೇಸ್ ಕಿಣ್ವ ಅದನ್ನು ಬಹಳ ಬಿಗಿಯಾಗಿ ಹಿಡಿಯುತ್ತದೆ, ಬ್ಯಾಕ್ಟೀರಿಯಾದ ಡಿಅಮಿನೇಸ್ ಸಡಿಲವಾಗಿ. ಒತ್ತಡದಿಂದ ಗಿಡದ ಕಿಣ್ವ ಏರುವ ಮೊದಲೇ ಬ್ಯಾಕ್ಟೀರಿಯಾ ಬೇರಿನ ಮೇಲೆ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದರೆ ಮಾತ್ರ ಪೈಪೋಟಿಯಲ್ಲಿ ಗೆಲ್ಲುತ್ತದೆ. ನೀರು ನಿಂತು, ಎಲೆ ಬಾಗಿ, ಹೂ ಉದುರಿದ ಮೇಲೆ ಬುಡಕ್ಕೆ ಸುರಿದರೆ ಆಗಿಹೋದ ಹಾನಿ ಹಿಂದಿರುಗುವುದಿಲ್ಲ. ಇದು ಬೀಜೋಪಚಾರದ ಅಥವಾ ನಾಟಿ ವೇಳೆಯ ಕೆಲಸ, ಚಿಕಿತ್ಸೆಯಲ್ಲ. ಬ್ಯಾಕ್ಟೀರಿಯಾ ಜೀವಂತವಾಗಿರಬೇಕು, ನಿಮ್ಮ ಮಣ್ಣಿನ ಸ್ಥಳೀಯ ಜೀವಿಗಳ ನಡುವೆ ತಾಳಿಕೊಳ್ಳಬೇಕು. ಕುಂಡದ ಫಲಿತಾಂಶ ಹೊಲದಲ್ಲಿ ಹಾಗೆಯೇ ಮರುಕಳಿಸದಿರಲು ಇದು ಮುಖ್ಯ ಕಾರಣ.

ಈಗಿನ ಬೆಳೆಗೆ ಏನು ಮಾಡಬಹುದು? ಮೊದಲು ಬಸಿಗಾಲುವೆ ತೋಡಿ ಉಳಿದ ನೀರನ್ನು ಹೊರಹಾಕಿ. ಮೇಲ್ಮಣ್ಣು ಕೈಗೆ ಅಂಟದಷ್ಟು ಒಣಗುವವರೆಗೆ ಸಾಲುಗಳ ನಡುವೆ ಓಡಾಡಬೇಡಿ, ಆಮೇಲೆ ಮೇಲ್ಪದರವನ್ನು ಮೆಲ್ಲಗೆ ಸಡಿಲಿಸಿ ಬುಡಕ್ಕೆ ತೆಳುವಾಗಿ ಮಣ್ಣೇರಿಸಿ. ಹೊಸ ಬೇರಿಗೆ ಆಸರೆ ಸಿಗುತ್ತದೆ. ಬುಡದ ಎಲೆ ಹಳದಿಯಾದದ್ದಕ್ಕೆಲ್ಲ ಎಥಿಲೀನನ್ನೇ ದೂರಬೇಡಿ. ನಿಂತ ನೀರಿನಲ್ಲಿ ನೈಟ್ರೇಟ್ ಕೊಚ್ಚಿಯೂ ಹೋಗುತ್ತದೆ, ಅನಿಲವಾಗಿಯೂ ಹಾರಿಹೋಗುತ್ತದೆ. ಸಾರಜನಕದ ಕೊರತೆಯೂ ಇದೇ ರೀತಿ ಹಳೆಯ ಎಲೆಗಳಿಂದ ಶುರುವಾಗುತ್ತದೆ. ತುದಿಯಲ್ಲಿ ಹೊಸ ಎಲೆ ನೆಟ್ಟಗೆ ಬರತೊಡಗಿದ ಮೇಲೆ ಸಾರಜನಕವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಅದಕ್ಕೂ ಮೊದಲು ಕೊಟ್ಟರೆ ಹೀರಿಕೊಳ್ಳಲು ಬೇರಿಗೆ ಶಕ್ತಿಯಿರುವುದಿಲ್ಲ. ಉದುರಿದ ಗೊಂಚಲು ಹೋಯಿತು; ಮುಂದಿನ ಗೊಂಚಲುಗಳು ನಿಲ್ಲುವುದು ಈ ಹೊಸ ಬೇರುಗಳ ಮೇಲೆ.

ಮುಂದಿನ ಹಂಗಾಮಿಗೆ ಆ ತಗ್ಗಿನಲ್ಲಿ ಏರುಮಡಿ ಮಾಡಿ ನೆಡಿ. ಬ್ಯಾಕ್ಟೀರಿಯಾ ಪರೀಕ್ಷಿಸುವ ಆಸೆಯಿದ್ದರೆ ಸಸಿಗಳ ಬೇರನ್ನು ನಾಟಿಗೆ ಮುನ್ನ ಅದರ ದ್ರಾವಣದಲ್ಲಿ ಅದ್ದಿ, ಆದರೆ ನಡುನಡುವೆ ಕೆಲವು ಸಾಲುಗಳನ್ನು ಅದ್ದದೆ ಬಿಡಿ. ಎತ್ತರದ ಭಾಗದಲ್ಲೂ ತಗ್ಗಿನ ಭಾಗದಲ್ಲೂ ಎರಡೂ ಬಗೆಯ ಸಾಲುಗಳಿರಲಿ, ಹಣ್ಣನ್ನು ಬೇರೆ ಬೇರೆಯಾಗಿ ತೂಗಿ. ಎತ್ತರದಲ್ಲಿ ವ್ಯತ್ಯಾಸ ಕಾಣದಿದ್ದರೆ ಗೊಬ್ಬರ ಕೆಟ್ಟದ್ದೆಂದು ತೀರ್ಮಾನಿಸಬೇಡಿ; ಅದು ಕೆಲಸ ಮಾಡುವುದಿದ್ದರೆ ನೀರು ನಿಂತ ವರ್ಷ, ತಗ್ಗಿನ ಸಾಲುಗಳಲ್ಲಿ ಮಾಡುತ್ತದೆ.